ಆರಿದ್ರೆ ಮಳೆ ಗೊತ್ತು, ಆರಿದ್ರೆ ಗೊತ್ತಿಲ್ಲ

ಇಲ್ಲ ರೀ, ಊರಿಗೆಲ್ಲೂ ಹೋಗಿರಲಿಲ್ಲ. ಶನಿವಾರ ಸರಿರಾತ್ರೀಲಿ ಸ್ಕೂಟರ್ ಸದ್ದು ಕೇಳಿಸ್ತಲ್ಲ, ಅದು ನಮ್ದೇ. ಊರಾಚೆ ಶಾಲೆ ಮೈದಾನದಲ್ಲಿ ಆಕಾಶ ತೋರಿಸ್ತಾರೆ ಅಂತ ಮಗಳು ಎಳ್ಕೊಂಡು ಹೋದ್ಲು. ಟಿಕೆಟ್ಟು ಗಿಕೆಟ್ಟು ಏನಿಲ್ಲ. ನಾಲ್ಕು ಹುಡುಗರು ದೂರದರ್ಶಕ ಇಟ್ಕೊಂಡು ನಿಂತಿದ್ರು. ಎದುರಿಗೆ ರೇಷನ್ ಅಂಗಡಿ ಮುಂದಿನಂಥ ಸಾಲು.

"ಟ್ಯೂಬು ಹಿಡೀಬೇಡಿ ಆಂಟಿ, ಕಣ್ಣಷ್ಟೇ ಇಡಿ" ಅಂತ ಅವರಲ್ಲೊಬ್ಬ ಹುಡುಗ ಬೇಡ್ಕೊಂಡ್ರೂ ಕೇಳೋರ್ಯಾರು? ಒಬ್ಬರು ಕನ್ನಡಕ ಸರಿಮಾಡ್ಕೊಳ್ತಾ ಅದನ್ನೇ ಆಸರೆಗೆ ಹಿಡ್ಕೊಂಡ್ರು, ಗುರುಗ್ರಹ ಎತ್ತಲಾಗೋ ಹೋಯ್ತು. ಮುಟ್ಟದಿದ್ರೂ ಹೋಗುತ್ತಂತೆ, ಭೂಮಿ ತಿರುಗ್ತಾನೇ ಇರುತ್ತಲ್ಲ. ಪಾಪ, ಅವನು ತಿರುಪು ತಿರುವಿ ತಿರುವಿ ಮತ್ತೆ ಹಿಡಿದು ತರ್ತಿದ್ದ. ನನ್ನ ಸರದಿಗೆ ಕಂಡಿತು ನೋಡಿ: ಗುರುವಿನ ಮೈಮೇಲೆ ಎರಡು ಮಾಸಲು ಪಟ್ಟೆ, ಅಕ್ಕಪಕ್ಕ ಒಂದೇ ಗೆರೇಲಿ ನಾಲ್ಕು ಚುಕ್ಕಿ. 1610ರಲ್ಲಿ ಗೆಲಿಲಿಯೊ ಕಂಡ ಚಂದ್ರರು ಇವೇ ಅಂತೆ.

ಮಜಾ ಏನಂದ್ರೆ, ಹೆಸರೆಲ್ಲಾ ನಮಗೆ ಬಾಯಿಪಾಠ ರೀ, ಮುಖ ಗೊತ್ತಿಲ್ಲ. ಆರಿದ್ರೆ ಮಳೆ ಅಂತೀವಿ. ಆರಿದ್ರೆ ಎಲ್ಲಿದೆ ಅಂದ್ರೆ ಬೆಬ್ಬೆಬ್ಬೆ. ಸೂರ್ಯ ಆ ನಕ್ಷತ್ರದಲ್ಲಿರೋ ದಿನಗಳಿಗೇ ಆ ಮಳೆಯ ಹೆಸರು. ಹಾಗಾಗಿ ಜೂನ್ ಕೊನೇಲಿ ಮೋಡ ಇಲ್ದಿದ್ರೂ ಅದು ಕಾಣಲ್ಲ. ಈಗ ಡಿಸೆಂಬರಲ್ಲಿ ರಾತ್ರಿ ಊಟ ಆದ್ಮೇಲೆ ಪೂರ್ವಕ್ಕೆ ನೋಡಿ, ಮಹಾವ್ಯಾಧನ ಹೆಗಲ ಮೇಲೆ ಕೆಂಪಗೆ ಕೂತಿರುತ್ತೆ. ಅರುಂಧತಿ ಕಥೇನೂ ಅಷ್ಟೇ. ಹಾಡಹಗಲಲ್ಲಿ ಛತ್ರದ ಹೊರಗೆ ಪುರೋಹಿತರು ಬೆರಳು ತೋರಿಸ್ತಾರೆ, ಹೆಣ್ಣುಗಂಡು ಇಬ್ಬರೂ ಕಂಡ್ಲು ಅಂತ ತಲೆಯಾಡಿಸ್ತಾರೆ. ಏಪ್ರಿಲ್-ಮೇ ಮದುವೆ ಆದ್ರೆ ರಾತ್ರಿ ಉತ್ತರಕ್ಕೆ ನೋಡಿದ್ರೆ ಸಾಕು, ಸಪ್ತರ್ಷಿಗಳ ಬಾಲದಲ್ಲಿ ವಸಿಷ್ಠರ ಪಕ್ಕ ನಿಜವಾಗ್ಲೂ ಇರ್ತಾಳೆ. ಅಷ್ಟೊತ್ತಿಗೆ ಎಲ್ಲರೂ ಆರತಕ್ಷತೆ ಫೋಟೋಗೆ ನಿಂತಿರ್ತಾರೆ.

ಚೌತಿ ಚಂದ್ರನ್ನ ನೋಡಬಾರದು ಅಂತೀರಲ್ಲ? ದೂರದರ್ಶಕಕ್ಕೆ ಅವನೇ ಚೆನ್ನ ಅಂತಾನೆ ಆ ಹುಡುಗ. ಹುಣ್ಣಿಮೇಲಿ ಬೆಳಕು ನೇರ ಬಿದ್ದು ಕುಳಿಗಳಿಗೆ ನೆರಳೇ ಇರಲ್ವಂತೆ. ಚೌತಿಯಿಂದ ಅಷ್ಟಮಿವರೆಗೆ ಬೆಳಕು-ಕತ್ತಲೆಯ ಗಡೀಲಿ ಒಂದೊಂದು ಕುಳೀನೂ ಎದ್ದು ಕಾಣುತ್ತಂತೆ. ಭಾದ್ರಪದದ್ದು ಬೇಡ ಬಿಡಿ, ಮಿಕ್ಕ ಶುಕ್ಲಪಕ್ಷದ ಚೌತಿಗಳು ಇವೆಯಲ್ಲ.

ಹಾಂ, 13ರ ರಾತ್ರಿ ಮಿಥುನದ ಕಡೆಯಿಂದ ಉಲ್ಕೆ ಬೀಳೋದಿದೆ. ಫೇಥಾನ್ ಅನ್ನೋ ಕ್ಷುದ್ರಗ್ರಹದ ಧೂಳಂತೆ. ಅದಕ್ಕೆ ದೂರದರ್ಶಕ ಬೇಡ, ತಾರಸಿ ಮೇಲೊಂದು ಚಾಪೆ ಸಾಕು. ಕಗ್ಗತ್ತಲಿದ್ರೆ ಗಂಟೆಗೆ ನೂರರ ಹತ್ರ ಕಾಣುತ್ತಂತೆ. ನಮ್ಮ ಬೀದೀಲಿ ಹತ್ತು ಕಂಡ್ರೆ ಪುಣ್ಯ. ಕಣ್ಣು ಕತ್ತಲಿಗೆ ಹೊಂದೋಕೇ 20 ನಿಮಿಷ ಬೇಕು, ಒಂದು ಬಲ್ಬು ಕಣ್ಣಿಗೆ ಹೊಡೀತೋ, ಮತ್ತೆ ಮೊದಲಿಂದ. ಅಂದ ಹಾಗೆ ರೀ, ನಿಮ್ಮ ಗೇಟಿಗೆ ಹೊಸದಾಗಿ ಫೋಕಸ್ ಲೈಟು ಹಾಕ್ಸಿದೀರಲ್ಲ, ತುಂಬಾ ಚೆನ್ನಾಗಿದೆ... ಅವತ್ತೊಂದು ರಾತ್ರಿ ಆರಿಸ್ತೀರಾ? ಕಳ್ಳರ ಭಯ ಬೇಡ, ಬೆಳಗಿನವರೆಗೂ ತಾರಸಿ ಮೇಲೆ ನಾವೇ ಕಾವಲಿರ್ತೀವಿ.