ಒದ್ದರೆ ಅರಳುವ ಅಶೋಕ

ರಾತ್ರಿ ಹನ್ನೊಂದಾದರೂ ದೀಪ ಆರಿಸದೆ ಏನ್ರೀ ಓದ್ತಿದ್ದೀರಿ ಅಂತ ಮನೆಯಲ್ಲಿ ಕೇಳಿದರೆ ‘ಸಸ್ಯಶಾಸ್ತ್ರ’ ಅಂತೀನಿ. ಗೌರವ ಉಳಿಯುತ್ತೆ. ಓದುತ್ತಿರೋದು ಮಾತ್ರ ಮ್ಯಾಂಡ್ರೇಕ್ ಪುರಾಣ. ಯುರೋಪಿನವರ ಮಾಟಮಂತ್ರಕ್ಕೆ ಬೇಕೇ ಬೇಕಾದ ಬೇರು, ನೋಡೋಕೆ ಥೇಟ್ ಮನುಷ್ಯ. ಕಿತ್ತರೆ ಕಿರುಚುತ್ತಂತೆ, ಕೇಳಿದವನು ಅಲ್ಲೇ ಶಿವಾಯ ನಮಃ. ಹಾಗಾಗಿ ಗಿಡಕ್ಕೆ ನಾಯಿ ಕಟ್ಟಿ, ಕಿವಿ ಮುಚ್ಚಿಕೊಂಡು ದೂರದಿಂದ ಅದನ್ನು ಕರೆಯಬೇಕು. ನಾಯಿ ಎಳೆಯುತ್ತೆ, ಬೇರು ಬರುತ್ತೆ, ನಾಯಿ ಹೋಗುತ್ತೆ. ಪಾಪ, ಅದರ ಪರವಾಗಿ ಒಂದು ಮಾತಾಡಿದವರಿಲ್ಲ! ಇಷ್ಟೆಲ್ಲ ಮೆರೆದ ಈ ಗಿಡ ಕುಲದಲ್ಲಿ ನಮ್ಮ ಬದನೆಕಾಯಿಗೆ ದಾಯಾದಿ. ಇದು ಗೊತ್ತಾದ ಮೇಲೆ ಎಣ್ಣೆಗಾಯಿ ತಿನ್ನುವಾಗ ನಾನು ಸ್ವಲ್ಪ ಭಯಭಕ್ತಿಯಿಂದಿರುತ್ತೇನೆ.

ಲಂಡನ್ನಿನಲ್ಲಿ ಜಾನ್ ಜೆರಾರ್ಡ್ ಅಂತ ಒಬ್ಬನಿದ್ದ. 1597ರಲ್ಲಿ ಗಿಡಮೂಲಿಕೆಗಳ ಮೇಲೆ ಹೊರಲಾರದಷ್ಟು ದೊಡ್ಡ ಪುಸ್ತಕ ತಂದ. ಮ್ಯಾಂಡ್ರೇಕ್ ಕಿರುಚೋದೆಲ್ಲ ಅಜ್ಜಿಕಥೆ, ನಾವೇ ಎಷ್ಟೋ ಕಿತ್ತು ನೆಟ್ಟಿದ್ದೇವೆ ಅಂತ ಅದರಲ್ಲಿ ನಕ್ಕ. ಭಲೇ ಬುದ್ಧಿವಂತ ಅನ್ನುತ್ತಾ ಕೊನೆಗೆ ಬನ್ನಿ: ಬಾತುಕೋಳಿ ಬಿಡುವ ಮರ! ಕಡಲಂಚಿನ ಮರದಲ್ಲಿ ಚಿಪ್ಪು, ಚಿಪ್ಪಿನೊಳಗಿಂದ ಕಾಡುಬಾತು. ಕೊಳೆತ ಮರದ ತುಂಡುಗಳ ಮೇಲೆ ಇಂಥವನ್ನು ಕಣ್ಣಾರೆ ಕಂಡೆ ಅಂತಲೂ ಬರೆದ. ಅವನಿಗಿಂತ ನಾನೂರು ವರ್ಷ ಹಿಂದೆಯೇ ಕೆಲವು ಪಾದ್ರಿಗಳು, ಮಾಂಸದಿಂದ ಹುಟ್ಟದ್ದು ಮಾಂಸ ಹೇಗಾದೀತು ಅಂತ ಉಪವಾಸದ ದಿನ ಆ ಬಾತನ್ನು ಸವಿಯುತ್ತಿದ್ದರಂತೆ. ಒಪ್ಪತ್ತು ಅಂತ ಹೇಳಿಕೊಂಡು ಎರಡು ತಟ್ಟೆ ಉಪ್ಪಿಟ್ಟು ಬಾರಿಸುವ ನಾವು ನಗೋ ಹಾಗಿಲ್ಲ ಬಿಡಿ.

ಈ ಪುಸ್ತಕಗಳ ಸವಿ ಕೆಡಿಸುವವರು ನಂಬದವರಲ್ಲ. ‘ಇದಕ್ಕೊಂದು ವೈಜ್ಞಾನಿಕ ಕಾರಣ ಇದೆ’ ಅನ್ನುವವರು. ನಮ್ಮ ಪಕ್ಕದ ಮನೆ ರಾಯರು ಆ ಪೈಕಿ. ಅರಳಿ ಮರ ಯಾಕೆ ಸುತ್ತಬೇಕು ಅಂದರೆ, ರಾತ್ರಿಯೂ ಆಮ್ಲಜನಕ ಕೊಡುತ್ತಲ್ಲ ಅಂತಾರೆ. ಬೆಳಕಿಲ್ಲದೆ ಎಲ್ಲಿಂದ ಕೊಡುತ್ತೆ ಸ್ವಾಮಿ? ಹುಣಸೆ ಮರದ ದೆವ್ವವನ್ನು ಓಡಿಸಿ ಆ ಜಾಗದಲ್ಲಿ ಇಂಗಾಲದ ಡೈ ಆಕ್ಸೈಡ್ ಕೂರಿಸುತ್ತಾರೆ. ದೆವ್ವವೇ ವಾಸಿ, ಅದಕ್ಕೆ ಕಥೆಯಾದರೂ ಇರುತ್ತೆ. ಬಿ.ಜಿ.ಎಲ್. ಸ್ವಾಮಿಯವರನ್ನು ನೋಡಿ. ನಿಜವಾದ ಸಸ್ಯವಿಜ್ಞಾನಿ, ‘ಹಸುರು ಹೊನ್ನು’ ಬರೆದವರು. ಶಾಸ್ತ್ರಕ್ಕೆ ಶಾಸ್ತ್ರ, ತಮಾಷೆಗೆ ತಮಾಷೆ. ಒಂದರ ವೇಷ ಇನ್ನೊಂದಕ್ಕೆ ಹಾಕಿದವರಲ್ಲ.

ಮೊನ್ನೆ ರಾಯರಿಗೆ ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದ ಅಶೋಕದ ಕಥೆ ಹೇಳಿದೆ. ಸುಂದರಿ ಕಾಲಿಂದ ಒದ್ದರೆ ಅಶೋಕ ಹೂ ಬಿಡುತ್ತೆ ಅನ್ನೋದು ಕವಿಗಳ ನಂಬಿಕೆ. ಒದೆಯಬೇಕಾದ ರಾಣಿ ಉಯ್ಯಾಲೆಯಿಂದ ಬಿದ್ದು ಕಾಲು ನೋಯಿಸಿಕೊಂಡಿದ್ದಾಳೆ. ಬದಲಿಗೆ ಮಾಲವಿಕೆಯನ್ನು ಕಳಿಸುತ್ತಾಳೆ. ಕಾಲಿಗೆ ಅರಗಿನ ಬಣ್ಣ ಬಳಿಸಿಕೊಂಡು, ಗೆಜ್ಜೆ ಕಟ್ಟಿಕೊಂಡು ಅವಳು ಒದೆಯುತ್ತಾಳೆ, ಮರೆಯಲ್ಲಿ ನಿಂತ ರಾಜ ಆ ಮರದ ಪುಣ್ಯಕ್ಕೆ ಕರುಬುತ್ತಾನೆ.

ರಾಯರು ಗಂಭೀರವಾಗಿ, ‘ಗೆಜ್ಜೆಯ ಕಂಪನ ಕಣ್ರೀ, ಬೇರಿಗೆ ತಲುಪುತ್ತೆ’ ಅಂದರು. ಅವರ ಕಾಂಪೌಂಡಿನಲ್ಲೂ ‘ಅಶೋಕ’ ಇದೆಯಂತೆ, ಮನೆಯಾಕೆಗೆ ಹೇಳಿ ನೋಡುತ್ತಾರಂತೆ. ಕಾಳಿದಾಸನ ಅಶೋಕ ಕೆಂಪು ಗೊಂಚಲು ಬಿಡುವ ಬೇರೆಯೇ ಮರ, ಇವರ ಮನೆಯ ನೀಟ ಕಂಬದಂಥದ್ದು ಅದರ ನೆಂಟನೂ ಅಲ್ಲ. ನಾನಿನ್ನೂ ಹೇಳಿಲ್ಲ. ಮೊದಲು ಒಂದೆರಡು ಒದೆ ಬೀಳಲಿ.