ಕಾರ್ನರ್ ಸೈಟಿಗೆ ಬೆಲೆಯಿಲ್ಲದ ಬಡಾವಣೆ

ಲ್ಯಾಬಿಗೆ ಯಜಮಾನರು ಯಾರು ಎಂದು ಕೇಳಿ ನೋಡಿ, ಎಲ್ಲರೂ ಪ್ರೊಫೆಸರರ ಕೋಣೆಯತ್ತ ಕೈ ತೋರಿಸುತ್ತಾರೆ. ಪಾಪ, ಅವರದು ಬರೀ ರುಜು ಹಾಕುವ ಕೆಲಸ. ಆಳುವುದು ಅಂಗೈ ಮೇಲೆ ಕೂರುವ ಒಂದು ಪ್ಲಾಸ್ಟಿಕ್ ತಟ್ಟೆ. ಎಂಟು ಸಾಲು, ಸಾಲಿಗೆ ಹನ್ನೆರಡು, ಒಟ್ಟು 96 ಪುಟಾಣಿ ಗುಳಿ. ಒಂದೊಂದಕ್ಕೂ ಹಿಡಿಸುವುದು ಅರ್ಧ ಎಂಎಲ್‌ಗಿಂತ ಕಡಿಮೆ; ಜಂಬ ಮಾತ್ರ ಹಂಡೆಗಟ್ಟಲೆ.

ಇದಕ್ಕೆ ನಾಂದಿ ಹಾಡಿದ ಪುಣ್ಯಾತ್ಮ ಹಂಗೇರಿಯ ಗ್ಯುಲಾ ಟಕಾಟ್ಸಿ. ಫ್ಲೂ ಪರೀಕ್ಷೆಗೆ ಸಾಲುಸಾಲು ಗಾಜಿನ ನಳಿಕೆ ಜೋಡಿಸುವ ರಗಳೆಯೇ ಬೇಡವೆಂದು 1951ರಲ್ಲಿ ಅಕ್ರಿಲಿಕ್ ಹಲಗೆಯಲ್ಲಿ 72 ಗುಳಿ ಮಾಡಿದರು. ಆಮೇಲೆ ಇನ್ನೆರಡು ಸಾಲು ಸೇರಿಕೊಂಡು ಈಗಿನ 96 ಆಯಿತು.

ಅಲ್ಲಿಗೆ ನಿಂತಿತೇ? ತಟ್ಟೆಯ ಉದ್ದ 127.76 ಮಿಲಿಮೀಟರು, ಅಗಲ 85.48 ಎಂದು ಗೊತ್ತುಮಾಡಿಬಿಟ್ಟಿದ್ದಾರೆ. ರೋಬೊ, ರೀಡರುಗಳೆಲ್ಲ ಆ ಅಳತೆಗೇ ತಲೆಬಾಗಬೇಕು. ಜಾಗ ಹಿಗ್ಗದು, ಆಸೆ ಹಿಗ್ಗಿತು. ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ ಬಾಡಿಗೆ ಮನೆ ತುರುಕುವ ಮಾಲೀಕರಂತೆ, ಹೊಸ ಔಷಧಿ ಹುಡುಕುವವರು ಅಷ್ಟೇ ಜಾಗದಲ್ಲಿ 384 ಗುಳಿ ಮಾಡಿದರು. ಅದೂ ಸಾಲದೆ 1536!

ಆದರೆ ಈ ಬಡಾವಣೆಯಲ್ಲಿ ಕಾರ್ನರ್ ಸೈಟಿಗೆ ಕವಡೆ ಕಿಮ್ಮತ್ತಿಲ್ಲ. ಅಂಚಿನ ಗುಳಿಗಳ ನೀರು ಬೇಗ ಆರುತ್ತದೆ, ಲೆಕ್ಕ ತಪ್ಪುತ್ತದೆ. ಹಾಗಾಗಿ ಜೀವಕೋಶ ಸಾಕುವವರು ಎಷ್ಟೋ ಸಲ ಸುತ್ತಲಿನ 36ಕ್ಕೂ ಬರೀ ಬಫರ್ ಸುರಿದು, ಒಳಗಿನ 60ರಲ್ಲಿ ಸಂಸಾರ ಹೂಡುತ್ತಾರೆ. ದುಡ್ಡು ಕೊಟ್ಟಿದ್ದು ಮಾತ್ರ 96ಕ್ಕೆ.

ಬಣ್ಣದ ವಿಷಯದಲ್ಲೂ ಬಿಗುಮಾನ. ಬಣ್ಣ ಅಳೆಯಲು ಪಾರದರ್ಶಕ ತಟ್ಟೆ, ಪ್ರತಿದೀಪ್ತಿಗೆ ಕಪ್ಪು, ತಾನೇ ಬೆಳಕು ಸೂಸುವುದಕ್ಕೆ ಬಿಳಿ. ಮದುವೆ ಮನೆಯ ಸೀರೆ ಆಯ್ಕೆಗೂ ಇಷ್ಟು ತಕರಾರಿಲ್ಲ. ನಗಬೇಡಿ, ಡೆಂಗಿ ಎಲಿಸಾ ಮಾಡಿಸಿದ್ದರೆ ನಿಮ್ಮ ಸೀರಮ್ಮೂ ಇಂಥದೇ ಗುಳಿಯಲ್ಲಿ ಕೂತು ಎದ್ದು ಬಂದಿದೆ. ಸಾಮಾನ್ಯವಾಗಿ ಅಲ್ಲಿ ಗಾಢ ಹಳದಿ ಬಂದರೆ ನಿಮಗೆ ಕಷ್ಟ.

ಎಂಟು ಮೂತಿಯ ಪಿಪೆಟ್ ಇದ್ದವರು ಭಾಗ್ಯವಂತರು, ಹನ್ನೆರಡು ಸಲಕ್ಕೆ ತಟ್ಟೆ ತುಂಬುತ್ತದೆ. ಒಂಟಿ ಮೂತಿಯವರ ಪಾಡು ಕೇಳಬೇಡಿ: ಒಂದು ಸೀನು ಬಂದರೆ ಸಾಕು, ಹಾಕಿದ್ದು ಡಿ7ಕ್ಕೋ ಡಿ8ಕ್ಕೋ ದೇವರಿಗೇ ಗೊತ್ತು. ಆದ್ದರಿಂದ, ಪಿಎಚ್‌ಡಿ ಮಾಡುವ ಮಕ್ಕಳ ತಾಯಂದಿರೇ, ಮಗಳು ಫೋನ್ ಎತ್ತಲಿಲ್ಲವೆಂದು ಮೇಲಿಂದ ಮೇಲೆ ರಿಂಗ್ ಮಾಡಬೇಡಿ. ತಟ್ಟೆ ಮುಗಿಯಲಿ, ಅವಳೇ ಮಾಡುತ್ತಾಳೆ.