ಉಪ್ಪರಿಗೆ ಕೋವಿ

ನನ್ನ ಹೆಂಡತಿಗೆ ಗೊತ್ತಿರಬಾರದ ಜಾಗವೊಂದು ನಮ್ಮ ಮನೆಯಲ್ಲಿದೆ. ಗೊತ್ತಿರಬಾರದು ಅಂತ ಹೇಳಿದ್ದು ನಾನಲ್ಲ, ಇಂಗ್ಲೆಂಡಿನ ಪೊಲೀಸರು. ಇಲ್ಲಿ ಕೋವಿ ಇಟ್ಟುಕೊಳ್ಳಬೇಕಾದರೆ ಐದು ವರ್ಷಕ್ಕೊಮ್ಮೆ ನವೀಕರಿಸುವ ಸರ್ಟಿಫಿಕೇಟು ಬೇಕು. ಅದಕ್ಕೆ ಡಾಕ್ಟರ ಕಾಗದ, ಪರಿಚಯದವರ ಶಿಫಾರಸು, ಗೋಡೆಗೆ ಬೋಲ್ಟು ಹಾಕಿ ಬಿಗಿದ ಉಕ್ಕಿನ ಕಪಾಟು ಎಲ್ಲ ಆಗಬೇಕು. ತಪಾಸಣೆಗೆ ಬಂದ ಅಧಿಕಾರಿ ಚಹಾ ಕುಡಿದು, ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡು, ಕಪಾಟನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ, "ಇದರ ಕೀಲಿ ಸರ್ಟಿಫಿಕೇಟು ಇಲ್ಲದ ಯಾರ ಕೈಗೂ ಸಿಗಬಾರದು. ನಿಮ್ಮ ಪತ್ನಿಯ ಕೈಗೂ" ಎಂದರು. ಕನ್ನಡಕ, ಪಾಸ್‌ಪೋರ್ಟು, ಜೋಡಿ ತಪ್ಪಿದ ಕಾಲುಚೀಲ, ಏನು ಕಳೆದರೂ ಕೂತಲ್ಲಿಂದಲೇ ಎಲ್ಲಿದೆಯೆಂದು ಹೇಳುವ ಹೆಂಗಸು ಪಕ್ಕದಲ್ಲಿ ನಿಂತು ಸಣ್ಣಗೆ ನಕ್ಕಳು. ಅಧಿಕಾರಿಗೆ ಆ ನಗು ಅರ್ಥವಾಗಲಿಲ್ಲ, ನನಗಾಯಿತು.

ಕೋವಿ ನನಗೆ ಹೊಸದಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದ ಮನೆಯಲ್ಲಿ ಬೆಳೆ ರಕ್ಷಣೆ ಲೈಸೆನ್ಸಿನ ಜೋಡು ನಳಿಗೆಯೊಂದು ಗೋಡೆಗೆ ಒರಗಿ ಕಾಲ ಕಳೆಯುತ್ತಿತ್ತು. ಮಂಗಗಳು ತೋಟಕ್ಕೆ ಇಳಿದಾಗ ದೊಡ್ಡಪ್ಪ ಆಕಾಶಕ್ಕೊಂದು ಈಡು ಹೊಡೆಯುತ್ತಿದ್ದರು. ಈರುಳ್ಳಿಯೂ ಒಳಗೆ ಬಾರದ ಮನೆಯೊಳಗೆ ಕೋವಿ ಹೇಗೆ ಬಂತೆಂದು ಯಾರೂ ಕೇಳಿದವರಿಲ್ಲ. ಚುನಾವಣೆ ಬಂತೆಂದರೆ ಮಾತ್ರ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕಿತ್ತು. ನೀತಿ ಸಂಹಿತೆ ಜಾರಿಯಾದದ್ದು ನಮ್ಮೂರಲ್ಲಿ ಮೊದಲು ತಿಳಿಯುತ್ತಿದ್ದುದು ಮಂಗಗಳಿಗೆ.

ಆ ಕೋವಿಯ ನಳಿಗೆಗಳು ಅಕ್ಕಪಕ್ಕ ಇದ್ದವು. ನಾನಿಲ್ಲಿ ಮನಸೋತದ್ದು ಒಂದರ ಮೇಲೊಂದು ನಳಿಗೆ ಕೂತ ಕೋವಿಗೆ. ವಿಡಿಯೋ ಕರೆಯಲ್ಲಿ ತೋರಿಸಿದಾಗ ದೊಡ್ಡಪ್ಪ ಕನ್ನಡಕ ಏರಿಸಿ ನೋಡಿ, "ಕೋವಿಗೂ ಉಪ್ಪರಿಗೆ ಕಟ್ಸಿದಾರಾ ಮಾಣಿ? ಕೆಳಗಿನದನ್ನ ಬಾಡಿಗೆಗೆ ಕೊಡ್ತಾರಾ?" ಎಂದರು. ದೊಡ್ಡಪ್ಪನಿಗೆ ಗೊತ್ತಿಲ್ಲ, ಈ ವಿಷಯದಲ್ಲಿ ಇಂಗ್ಲೆಂಡಿನ ಎಷ್ಟೋ ಹಳೆಯ ಜಮೀನ್ದಾರರು ಅವರ ಪಕ್ಷ. ಬೇಟೆಗೆ ಅಕ್ಕಪಕ್ಕದ ನಳಿಗೆಯೇ ಮರ್ಯಾದೆ, ಉಪ್ಪರಿಗೆಯದು ಪಂದ್ಯದ ಮೈದಾನಕ್ಕೆ ಸರಿ ಎಂದು ಮೂಗು ಮುರಿದವರು ಅವರು. ಅವರು ಮೂಗು ಮುರಿಯುತ್ತಿರುವಾಗಲೇ ಲಂಡನ್ನಿನ ಬಾಸ್ ಕಂಪನಿ 1909ರಲ್ಲಿ ಇಂಥದೊಂದು ಮಾಡಿತು, ವುಡ್‌ವರ್ಡ್ 1913ರಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಪರ್ಡಿ ಎಂಬ ಇನ್ನೊಂದು ಕೋವಿ ಕಂಪನಿಯವರು ವುಡ್‌ವರ್ಡನ್ನೇ ಕೊಂಡು ಆ ವಿನ್ಯಾಸವನ್ನು ಮನೆ ತುಂಬಿಸಿಕೊಂಡರು.

ಉಪ್ಪರಿಗೆಯ ಅನುಕೂಲ ಸರಳ. ಕಣ್ಣೆದುರು ಒಂದೇ ನಳಿಗೆಯ ಅಗಲ, ಗುರಿಗೆ ಅಡ್ಡ ಇಲ್ಲ. ಕೆಳಗಿನ ನಳಿಗೆ ಮೊದಲು ಸಿಡಿದರೆ ಅದರ ಒದೆತ ನೇರ ಭುಜಕ್ಕೆ ಬರುವುದರಿಂದ ಕೋವಿಯ ಮೂತಿ ಮೇಲಕ್ಕೆ ಹಾರುವುದು ಕಡಿಮೆ. ಎರಡನೆಯ ಈಡಿಗೆ ಕೂಡಲೇ ಸಜ್ಜು. ಬಾಸ್‌ನವರು ಕೀಲುಗಳನ್ನು ನಳಿಗೆಯ ಇಬ್ಬದಿಗೆ ಸರಿಸಿ ಕೋವಿಯ ಹೊಟ್ಟೆ ಕರಗಿಸಿದರು. ನೋಡಲು ಅಪ್ಸರೆ, ಬೆಲೆ ಕೇಳಿದರೆ ಅದೂ ಅಪ್ಸರೆಯರ ಲೋಕದ್ದೇ. ನನ್ನಂಥವರಿಗಿರುವುದು ಬ್ರೌನಿಂಗ್.

ಜಾನ್ ಬ್ರೌನಿಂಗ್ ಅಮೆರಿಕದ ಯೂಟಾದವನು. ಜಗತ್ತಿನ ಸೇನೆಗಳಿಗೆಲ್ಲ ಪಿಸ್ತೂಲು, ಮೆಷಿನ್ ಗನ್ನು ಕೊಟ್ಟು, ಕೊನೆಗಾಲದಲ್ಲಿ ಹಕ್ಕಿ ಹೊಡೆಯುವ ಕೋವಿಗೆ ಕೂತ. 1926ರಲ್ಲಿ ಬೆಲ್ಜಿಯಂನ ಲೀಜ್ ಹತ್ತಿರದ ಹರ್ಸ್ಟಾಲ್‌ನ ಎಫ್‌ಎನ್ ಕಾರ್ಖಾನೆಯಲ್ಲಿದ್ದಾಗ ಹೃದಯ ನಿಂತಿತು. ಮಗ ವ್ಯಾಲ್ ಆ ಕೋವಿಯ ಕೆಲಸ ಮುಂದುವರಿಸಿದ. 1931ಕ್ಕೆ ಆ ಉಪ್ಪರಿಗೆ ಕೋವಿ ಸೂಪರ್‌ಪೋಸ್ಡ್ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಯುರೋಪಿನಲ್ಲಿ ಇದನ್ನು ಬಿ25 ಅನ್ನುತ್ತಾರೆ. ಕೀಲು ನಳಿಗೆಯ ಅಡಿಯಲ್ಲೇ ಇರುವುದರಿಂದ ಇದಕ್ಕೆ ತುಸು ಹೊಟ್ಟೆ. ನನಗೂ ಇದೆ, ಹಾಗಾಗಿ ತಕರಾರಿಲ್ಲ.

ಹಳೆಯ ಬಿ25 ನೋಡಲು ಹೋದರೆ ಅರ್ಧ ದಿನ ಬೇಕು, ಮತ್ತು ಆ ಅರ್ಧ ದಿನಕ್ಕಾಗಿಯೇ ಜನ ಹಳೆಯ ಕೋವಿ ಕೊಳ್ಳುತ್ತಾರೆಂದು ನನ್ನ ಗುಮಾನಿ. ಮೊದಲು ಕೋವಿ ಮಡಚಿ ತೆರೆದು ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಬೇಕು. ಆಮೇಲೆ ಬುಡದಲ್ಲಿ ಲೀಜ್ ಪರೀಕ್ಷಾಲಯದ ಮೊಟ್ಟೆಯಾಕಾರದ ಮುದ್ರೆ. ಅದರ ಆಸುಪಾಸಿನಲ್ಲಿ ನಳಿಗೆಯ ತುದಿ ಎಷ್ಟು ಬಿಗಿ ಎಂದು ಹೇಳುವ ನಕ್ಷತ್ರಗಳು. ಒಂದು ನಕ್ಷತ್ರವಿದ್ದರೆ ಅತಿ ಬಿಗಿ, ಚರೆ ಒತ್ತಾಗಿ ದೂರ ಹೋಗುತ್ತದೆ. ಮೂರಿದ್ದರೆ ಬಿಗಿಯೇ ಇಲ್ಲ. ಹೋಟೆಲಿನ ಲೆಕ್ಕ ಇಲ್ಲಿ ತಲೆಕೆಳಗು. ಮುಂದಿನ ಮರದ ಹಿಡಿ ಬೇರೆ ಕೋವಿಗಳಂತೆ ಕೈಗೆ ಬರುವುದಿಲ್ಲ. ಮುಂದಕ್ಕೆ ಜಾರಿ ನಳಿಗೆಗೇ ಅಂಟಿಕೊಂಡು ನಿಲ್ಲುತ್ತದೆ. ಗೊತ್ತಿಲ್ಲದವರು ಅದನ್ನು ಕೀಳಲು ಗುದ್ದಾಡುವುದನ್ನು ಅಂಗಡಿಯವನು ಮುಖ ಬೇರೆ ಕಡೆ ತಿರುಗಿಸಿಕೊಂಡು ಸಹಿಸುತ್ತಾನೆ.

ಇನ್ನು ಕೋವಿ ತೆರೆಯಲು ಮೇಲಿರುವ ಸನ್ನೆಕೀಲು. ಕೋವಿ ಹೊಸದಿದ್ದಾಗ ಅದು ಕೊಂಚ ಬಲಕ್ಕಿರುತ್ತದೆ. ಒಳಗೆ ಸವೆದಂತೆ ನಡುವಿಗೆ ಬಂದು, ಆಮೇಲೆ ಎಡಕ್ಕೆ ವಾಲುತ್ತದೆ. ವಯಸ್ಸಾದಂತೆ ಎಡಕ್ಕೆ ವಾಲುವುದನ್ನು ನಾನು ಕಂಡದ್ದು ಕೋವಿಗಳಲ್ಲಿ ಮಾತ್ರ. ಮನುಷ್ಯರದು ತದ್ವಿರುದ್ಧ.

ಎಲ್ಲಕ್ಕಿಂತ ರುಚಿಯಾದದ್ದು ಉಪ್ಪಿನ ಪರೀಕ್ಷೆ. 1960ರ ದಶಕದಲ್ಲಿ ಬ್ರೌನಿಂಗ್‌ಗೆ ಬೇಡಿಕೆ ಏರಿ, ಅಕ್ರೋಟು ಮರ ಒಣಗುವವರೆಗೆ ಕಾಯಲು ಯಾರಿಗೂ ಪುರಸೊತ್ತಿಲ್ಲದಾಯಿತು. ನೀರು ಬೇಗ ಬಿಡಲೆಂದು ಮರಕ್ಕೆ ಉಪ್ಪು ಹಾಕಿಟ್ಟರು, ನಮ್ಮಲ್ಲಿ ಮಾವಿನ ಮಿಡಿಗೆ ಹಾಕಿದ ಹಾಗೆ. ಮಿಡಿಯೇನೋ ಭರಣಿಯಲ್ಲಿ ಸುಮ್ಮನಿರುತ್ತದೆ. ಇಲ್ಲಿ ಉಪ್ಪು ಮರದೊಳಗೇ ಕೂತು, ಅದನ್ನು ಮುಟ್ಟಿದ ಉಕ್ಕನ್ನೆಲ್ಲ ವರ್ಷಗಟ್ಟಲೆ ತಿಂದಿತು. ಹೊರಗಿನಿಂದ ನೋಡಿದರೆ ಕೆತ್ತನೆ, ಹೊಳಪು, ರಾಜಕಳೆ. ಹಿಂಬದಿಯ ಪಟ್ಟಿಯ ತಿರುಪು ಬಿಚ್ಚಿದರೆ ಕೆಂಪು ತುಕ್ಕು. ಅದಕ್ಕೇ ಅನುಭವಿ ಗಿರಾಕಿ ಜೇಬಿನಲ್ಲೊಂದು ಸ್ಕ್ರೂಡ್ರೈವರ್ ಇಟ್ಟಿರುತ್ತಾನೆ. ಇನ್ನೂ ಪಕ್ಕಾ ಗಿರಾಕಿ ಪಟ್ಟಿಯ ಕೆಳಗಿನ ಬರಿಮರಕ್ಕೆ ಸಿಲ್ವರ್ ನೈಟ್ರೇಟಿನ ಹನಿ ಬಿಡುತ್ತಾನೆ. ಬೆಳ್ಳಗಾದರೆ ನಮಸ್ಕಾರ ಹೇಳಿ ಹೊರಡುವುದು. ಎದುರಿಗೆ ಕೂತ ಮಾರಾಟಗಾರನ ಮುಖ ಆ ಹನಿ ಇಂಗುವಷ್ಟು ಹೊತ್ತು ಎಸೆಸೆಲ್ಸಿ ಫಲಿತಾಂಶ ಕಾಯುವವನ ಮುಖ. ನನಗೆ ಸಿಕ್ಕಿದ್ದು ಉಪ್ಪಿನ ಕಾಲಕ್ಕಿಂತ ಹಿಂದಿನದು, 1950ರ ದಶಕದ್ದು. ಅರದ ಗೀರು ಎಲ್ಲೂ ಕಾಣದಂತೆ ಉಜ್ಜಿದ ಆ ಹರ್ಸ್ಟಾಲ್ ಕುಶಲಕರ್ಮಿಯ ಕೈ ನೆನೆದು, ಬಾಗಿಲು ಹಾಕಿಕೊಂಡು ಅದನ್ನು ಬರೇ ತೆರೆದು ಮುಚ್ಚಿ ಮಾಡುತ್ತೇನೆ. ಮುಚ್ಚಿದಾಗ ಬರುವ ಆ ದಪ್ಪ ಸದ್ದಿಗೆ ಕೊಟ್ಟ ಹಣ ಅರ್ಧ ವಸೂಲು.

ಉಳಿದರ್ಧ ವಸೂಲಾಗುವುದು ಮೈದಾನದಲ್ಲಿ. ಹೊಡೆಯುವುದು ಜೇಡಿಮಣ್ಣಿನ ಪಾರಿವಾಳಕ್ಕೆ. ಅದರಲ್ಲಿ ಜೇಡಿಮಣ್ಣೂ ಇಲ್ಲ, ಪಾರಿವಾಳವೂ ಇಲ್ಲ. ಸುಣ್ಣಕಲ್ಲಿನ ಪುಡಿ, ಡಾಂಬರಿನಂಥ ಅಂಟು ಸೇರಿಸಿ ಎರಕ ಹೊಯ್ದ 110 ಮಿಲಿಮೀಟರ್ ಅಗಲದ ತಟ್ಟೆ. 1880ರಲ್ಲಿ ಸಿನ್ಸಿನಾಟಿಯ ಜಾರ್ಜ್ ಲಿಗೋವ್ಸ್ಕಿ ಅದನ್ನು ಮೊದಲು ಹಾರಿಸಿದಾಗ ಮಣ್ಣಿನದೇ ಆಗಿತ್ತು. ಎಷ್ಟು ಚೆನ್ನಾಗಿ ಸುಟ್ಟಿದ್ದರೆಂದರೆ ಚರೆ ತಾಗಿದರೂ ಒಡೆಯುತ್ತಿರಲಿಲ್ಲವಂತೆ. ಆ ತಟ್ಟೆಗಳನ್ನು ಇಂದಿಗೂ ಹಕ್ಕಿ ಎಂದೇ ಕರೆಯುತ್ತಾರೆ. ನೆಲದ ಮೇಲೆ ಉರುಳುತ್ತಾ ಪುಟಿಯುವುದು ಮೊಲ. ಹುಟ್ಟಿದಾಗಿನಿಂದ ಸಾರು ಅನ್ನ ತಿಂದವನು ಶನಿವಾರ ಬೆಳಿಗ್ಗೆ ಮೊಲ ಹೊಡೆದು, ಹನ್ನೆರಡೂವರೆಗೆ ಮನೆಗೆ ಬಂದು ಕೈಕಾಲು ತೊಳೆದು ಉಪ್ಪಿಟ್ಟಿಗೆ ಕೂರುವುದರಲ್ಲಿ ಯಾವ ಧರ್ಮಶಾಸ್ತ್ರಕ್ಕೂ ತೊಂದರೆಯಿಲ್ಲ.

ತೊಂದರೆ ಬಂದದ್ದು ಮೈದಾನದ ಗೆಳೆಯರೊಬ್ಬರು ನಿಜವಾದ ಫೆಸೆಂಟ್ ಬೇಟೆಗೆ ಕರೆದಾಗ. ಅದರ ಕಾಲ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ. ಹಕ್ಕಿಗಳನ್ನು ಪೊದೆಯಿಂದ ಎಬ್ಬಿಸಲು ಆಳುಗಳು, ಬಿದ್ದದ್ದನ್ನು ಹೆಕ್ಕಲು ನಾಯಿಗಳು, ನಡುವೆ ಟೈ ಕಟ್ಟಿದ ಈಡುಗಾರರ ಸಾಲು. ಬ್ರೌನಿಂಗನ್ನು ನಾಲ್ಕು ಜನ ಹೊಗಳಲಿ ಎಂಬ ಆಸೆಯಿಂದ ಹೋದೆ, ಹೊಗಳಿದರು. ಹಕ್ಕಿಗಳು ಮಾತ್ರ ನನ್ನ ಸಂಸ್ಕಾರಕ್ಕೆ ಗೌರವ ಕೊಟ್ಟು ಚರೆ ಹೋದ ದಾರಿಗೆ ಅಡ್ಡ ಬರಲಿಲ್ಲ. ಆದರೆ ಪದ್ಧತಿ ಪದ್ಧತಿಯೇ. ಸಂಜೆ ಹೊರಡುವಾಗ ಪ್ರತಿಯೊಬ್ಬ ಅತಿಥಿಗೂ ಒಂದು ಜೋಡಿ ಹಕ್ಕಿ, ಕುತ್ತಿಗೆಗೆ ದಾರ ಕಟ್ಟಿ. ಬೇಡವೆನ್ನುವುದು ಅಸಭ್ಯತೆ.

"ರೀ, ಅದನ್ನ ಹಿಡ್ಕೊಂಡು ಹೊಸಿಲು ದಾಟೀರಾ ಜೋಕೆ" ಎಂದಳು ಹೆಂಡತಿ. ದಾಟಲಿಲ್ಲ. ಹೊಸಿಲಿನಿಂದಲೇ ತಿರುಗಿ ಪಕ್ಕದ ಮನೆಯ ಮುದುಕ ದಂಪತಿಗೆ ಕೊಟ್ಟು ಬಂದೆ. ಅವರ ಸಂತೋಷ ಹೇಳತೀರದು. ಎರಡು ದಿನ ಬಿಟ್ಟು ಬಾಗಿಲ ಗಂಟೆ ಬಾರಿಸಿತು. ಬಿಸಿಬಿಸಿ ಫೆಸೆಂಟ್ ಪೈ, ಅರ್ಧ ಅವರಿಗೆ, ಅರ್ಧ ನಮಗೆ. ಹೆಂಡತಿ ಎರಡೂ ಕೈಯಲ್ಲಿ ಇಸಿದುಕೊಂಡು, ನಗುತ್ತಾ, ತುಂಬ ಥ್ಯಾಂಕ್ಸ್ ಎಂದಳು. ಬಾಗಿಲು ಮುಚ್ಚಿದ ಮೇಲೆ ಇಬ್ಬರೂ ಕಿಟಕಿಯ ಪರದೆ ಸರಿಸಿ ನಿಂತು, ಬೀದಿಯಲ್ಲಿ ಇನ್ನು ಯಾರ ಯಾರ ಪರಿಚಯ ಇದೆಯೆಂದು ಲೆಕ್ಕ ಹಾಕತೊಡಗಿದೆವು.